ನೆರಳಿನ ಲೈನು

ರಾಯಚೂರು–ಯಾದಗಿರಿ ಕಾರಿಡಾರಿನಲ್ಲಿ ನೀರು, ಕರೆಂಟಿನಂತೆ ನೆರಳನ್ನೂ ಲೈನ್ ಎಳೆದೇ ಕೊಡಬೇಕಿತ್ತು. ಲೈನ್ ಇಲ್ಲದ ಊರುಗಳಲ್ಲಿ ಜನ ಸುಡುವ ಬಿಸಿಲಿಗೆ ಹೆದರಿ ಹಗಲೆಲ್ಲ ಬಾಗಿಲು ಹಾಕಿಕೊಂಡಿರುತ್ತಿದ್ದರು. ಎಂಜಿನಿಯರ್ ಮಹಾನಂದಾ ಕಾರ್ಖಾನೆಗಳ ಜೊತೆ ಗುಡ್ಡದಹಾಳ ಎಂಬ ಹಳ್ಳಿಗೂ ನಕ್ಷೆಯಲ್ಲಿ ಗೆರೆ ಎಳೆದಳು.

"ಹಗಲಿನಾಗ ಅಲ್ಲಿ ಮಂದೀನೇ ಓಡಾಡಂಗಿಲ್ಲ. ನೆರಳು ಯಾರಿಗಿ ಬೇಕವ್ವಾ?" ಎಂದರು ಮುಖ್ಯ ಎಂಜಿನಿಯರ್.

"ನೆರಳಿಲ್ಲಂತಲೇ ಓಡಾಡಂಗಿಲ್ರೀ ಸರ್. ಕೊಟ್ಟು ನೋಡ್ರಿ."

ವರ್ಷವಿಡೀ ಹಟ ಹಿಡಿದು ಅವಳು ಒಪ್ಪಿಸಿದಳು.

ಉದ್ಘಾಟನೆಯ ದಿನ ನಡುಮಧ್ಯಾಹ್ನ ಅವಳೇ ಸ್ವಿಚ್ ಒತ್ತಿದಳು. ಕಂಬದಿಂದ ಕಂಬಕ್ಕೆ ನೆರಳು ಹಬ್ಬಿತು. ಒಂದು ಬಾಗಿಲೂ ತೆರೆಯಲಿಲ್ಲ.

ಅರ್ಧ ಗಂಟೆಯ ಮೇಲೆ ಮುದುಕಿ ಹುಸೇನಬೀ ಹೊಸ್ತಿಲಾಚೆ ಮೆಲ್ಲಗೆ ಬರಿಗಾಲಿಟ್ಟಳು. ಇನ್ನೊಂದು ಕಾಲನ್ನೂ ಇಟ್ಟು, ಓಣಿಗೆಲ್ಲ ಕೇಳುವಂತೆ ಕೂಗಿದಳು: "ಹೊರಗ ಬರ್ರೆ, ನೆಲ ಸುಡಂಗಿಲ್ಲ!"

ಬಾಗಿಲುಗಳು ಧಡಧಡನೆ ತೆರೆದವು. ಮುಖ್ಯ ಎಂಜಿನಿಯರ್ ತಮ್ಮ ಜೀಪು ತಲುಪಲು ಜನಜಂಗುಳಿಯಲ್ಲಿ "ದಾರಿ ಬಿಡ್ರಿ, ದಾರಿ ಬಿಡ್ರಿ" ಎನ್ನಬೇಕಾಯಿತು.