ಬಿ-೪೧ಕ್ಕೆ ಕೊನೆಯ ಊಟ

ಮಧ್ಯದಲ್ಲಿ ನನ್ನ ಮೇಲೆ ಸಿಟ್ಟು ಬಂದರೂ ಬರಲಿ... ಕೊನೆಯವರೆಗೆ ಓದಿ.

ನಿನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ಊಟ ಹಾಕುವುದು ಅನ್ನುತ್ತೇನೆ.

ಹುಬ್ಬಳ್ಳಿ ಕಡೆಯ ಒಂದು ಕ್ಯಾನ್ಸರ್ ಆಸ್ಪತ್ರೆಯ ಲ್ಯಾಬ್‌ನಲ್ಲಿ ನಾನು ಟೆಕ್ನಿಷಿಯನ್. ರೋಗಿಗಳ ಗಡ್ಡೆಯಿಂದ ತೆಗೆದ ಕ್ಯಾನ್ಸರ್ ಕೋಶಗಳನ್ನು ಪುಟ್ಟ ತಟ್ಟೆಗಳಲ್ಲಿ ಬೆಳೆಸುತ್ತೇವೆ.

ಅವುಗಳ ಊಟ ಒಂದು ಗುಲಾಬಿ ದ್ರವ. ಅದು ಹಳದಿಯಾದರೆ ಹಸಿವಾಗಿದೆ ಎಂದು ಅರ್ಥ. ಭಾನುವಾರವಿಲ್ಲ, ಯುಗಾದಿಯಿಲ್ಲ... ಹೋಗಿ ಬಡಿಸಿ ಬರಲೇಬೇಕು.

ತಟ್ಟೆಯ ಮೇಲೆ ರೋಗಿಯ ಹೆಸರು ಇರುವುದಿಲ್ಲ. ನಂಬರ್ ಮಾತ್ರ.

ಆ ಸಲ ಬಂದದ್ದು ಬಿ-೪೧. ಹೊಸ ಕೋಶಗಳು ಎಷ್ಟೋ ಸಲ ವಾರದೊಳಗೇ ಸಾಯುತ್ತವೆ. ಇವು ಮಾತ್ರ ತಟ್ಟೆ ತುಂಬ ಹಬ್ಬಿದವು.

ನನ್ನ ಕೈಗುಣ ನೋಡಿ ಎಂದು ಲ್ಯಾಬ್‌ನಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡೆ. ಯಾಕೆ ಬೇಕಿತ್ತೋ ನನಗೆ ಆ ಜಂಬ...

ಅದೇ ತಿಂಗಳು ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿ ಶಿವಗಂಗಾಗೆ, ನಮ್ಮ ಆಸ್ಪತ್ರೆಯಲ್ಲೇ ಸ್ತನ ಕ್ಯಾನ್ಸರ್ ಆಪರೇಷನ್ ಆಗಿತ್ತು.

ನನಗೆ ಐದು ವರ್ಷವಿದ್ದಾಗ ಅವ್ವ ಹೋದಳು. ಅದೇ ವರ್ಷ ಮದುವೆಯಾಗಿ ಬಂದ ವೈನಿ, ಊಟಕ್ಕೆ ಹಟ ಮಾಡುವ ನನ್ನ ಹಿಂದೆ ಓಣಿಯೆಲ್ಲ ಸುತ್ತಿ, ಹಾಲು-ರೊಟ್ಟಿ ಕಲಸಿ ಉಣಿಸಿದಳು. ನನಗೆ ಅವ್ವ ಎಂದರೆ ಅವಳೇ.

ಗಾಯ ಮಾಯದೆ ಅವಳಿನ್ನೂ ವಾರ್ಡಿನಲ್ಲೇ ಇದ್ದಳು. ಒಂದು ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋಗಿದ್ದೆ. ಮಾತಿನ ನಡುವೆ ವೈನಿ, ಆಪರೇಷನ್‌ಗೆ ಮುಂಚೆ ತಾನೊಂದು ಫಾರ್ಮಿಗೆ ಸಹಿ ಹಾಕಿದ್ದಾಗಿ ಹೇಳಿದಳು. ಗಡ್ಡೆಯ ಒಂದು ತುಣುಕನ್ನು ಸಂಶೋಧನೆಗೆ ಕೊಟ್ಟಿದ್ದಳಂತೆ. ನಿಮ್ಮ ಲ್ಯಾಬಿಗೇ ಬಂತೇನು ಎಂದು ನಗುತ್ತಾ ಕೇಳಿದಳು.

ತುಣುಕು ತೆಗೆದದ್ದು ಯಾವ ದಿನ ಎಂದು ಕೇಳಿದೆ. ಆಪರೇಷನ್ ದಿನವೇ, ಮಂಗಳವಾರ ಅಂದಳು.

ಆ ಮಂಗಳವಾರ ನಮಗೆ ಬಂದದ್ದು ಒಂದೇ ತುಣುಕು, ಬಿ-೪೧...

ಗಂಜಿಯ ಡಬ್ಬಿ ಅಲ್ಲೇ ಬಿಟ್ಟು ಎದ್ದು ಬಂದೆ. ನನ್ನ ವೈನಿಯನ್ನು ತಿನ್ನುತ್ತಿದ್ದ ರೋಗಕ್ಕೆ ಮೂರು ವಾರ ನಾನೇ ಊಟ ಹಾಕಿದ್ದೆ. ಅದು ಚೆನ್ನಾಗಿ ಬೆಳೆಯಿತೆಂದು ಖುಷಿಪಟ್ಟಿದ್ದೆ.

ಲ್ಯಾಬ್‌ನಲ್ಲಿ ಬ್ಲೀಚ್ ಬಾಟಲಿ ಕೈಗೆತ್ತಿಕೊಂಡೆ. ಒಂದು ಸಲ ಸುರಿದರೆ ಎಲ್ಲವೂ ಸಾಯುತ್ತವೆ.

ಸುರಿಯಲು ಧೈರ್ಯ ಬರಲಿಲ್ಲ. ಆದರೆ ಊಟವನ್ನೂ ಹಾಕಲಿಲ್ಲ. ಹಸಿದು ಸಾಯಲಿ ಎಂದು ಬಿಟ್ಟೆ. ಎರಡು ದಿನದಲ್ಲಿ ದ್ರವ ಹಳದಿಯಾಯಿತು.

ಮೂರನೆಯ ದಿನ ತಡೆಯಲಾರದೆ ವೈನಿಯ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ.

ವೈನಿಗೆ ಸಿಟ್ಟು ಬಂತು. ಆದರೆ ಅದು ಊಟ ಹಾಕಿದ್ದಕ್ಕಲ್ಲ...

"ಉಪವಾಸ ಕೆಡವಿದೀ? ಜಯಶೀಲಾ, ನೀ ಸಣ್ಣಾಕಿ ಇದ್ದಾಗ ಎಷ್ಟ ಕಾಡತಿದ್ದಿ, ನಾ ಒಂದಿನಾನರ ನಿನ್ನ ಉಪವಾಸ ಮಲಗಿಸೀನೇನ? ಹೋಗು, ಹೊಟ್ಟಿ ತುಂಬ ಹಾಕು. ಅದು ಸತ್ತರ ಅವರು ಏನ್ ಕಲೀತಾರ?"

ನಾನು ಹೋಗಿ ಬಡಿಸಿದೆ. ಮನಸ್ಸು ಒಪ್ಪಲಿಲ್ಲ, ಆದರೂ ಬಡಿಸಿದೆ.

ನಮ್ಮ ಲ್ಯಾಬ್‌ನ ಮುಖ್ಯಸ್ಥೆ ಹಂದ್ರಾಳ ಮೇಡಂ ಹುಡುಕುತ್ತಿದ್ದದ್ದು ಇಷ್ಟು. ಕ್ಯಾನ್ಸರ್ ಕೋಶದೊಳಗಿನ ಒಂದು ಜೀನ್ ಅದಕ್ಕೆ ನಡೆ, ಮುಂದೆ ನಡೆ ಎಂದು ಹೇಳುತ್ತಲೇ ಇರುತ್ತದೆ. ಆ ಜೀನನ್ನು ಸುಮ್ಮನಾಗಿಸಿದರೆ ಕೋಶ ಇದ್ದಲ್ಲೇ ನಿಲ್ಲುತ್ತದೆಯೇ?

ನೋಡುವ ರೀತಿ ಸರಳ. ಹಬ್ಬಿದ ಕೋಶಗಳ ನಡುವೆ ಒಂದು ಗೀರು ಎಳೆಯುತ್ತೇವೆ. ಸುಮ್ಮನೆ ಬಿಟ್ಟರೆ ಅವು ಎರಡೂ ಕಡೆಯಿಂದ ನಡೆದು ಬಂದು ಮರುದಿನದೊಳಗೆ ಆ ಗೀರನ್ನು ಮುಚ್ಚಿಬಿಡುತ್ತವೆ.

ಆ ಜೀನನ್ನು ಸುಮ್ಮನಾಗಿಸಲು ಮೇಡಂ ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಗೀರು ಮುಚ್ಚಿತು.

ಅತ್ತ ವೈನಿಯ ಮೈಯಲ್ಲೂ ಅವು ನಡೆಯುತ್ತಲೇ ಇದ್ದವು. ಶ್ವಾಸಕೋಶ ಮುಟ್ಟಿವೆ ಎಂದು ಡಾಕ್ಟರ್ ಅಣ್ಣನಿಗೆ ಹೇಳಿದರು. ಆದರೂ ದಿನಾ ನನ್ನನ್ನು ನೋಡಿದ ಕೂಡಲೇ ವೈನಿ ಕೇಳುವುದು ಒಂದೇ ಮಾತು, ಇವತ್ತು ನಿಂತವೇನು ಎಂದು.

ನಾಲ್ಕನೆಯ ಸಲ, ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ... ಗೀರು ಹಾಗೇ ಇತ್ತು. ಎರಡೂ ದಡದಲ್ಲಿ ಕೋಶಗಳು ನಿಂತಿದ್ದವು.

ಮೇಡಂ ಅವರ ಒಪ್ಪಿಗೆ ಪಡೆದು ಫೋಟೊ ತೆಗೆದುಕೊಂಡು ವಾರ್ಡಿಗೆ ಓಡಿದೆ. ವೈನಿ ಮೂಗಿಗೆ ಆಕ್ಸಿಜನ್ ಹಾಕಿಕೊಂಡೇ ಬಹಳ ಹೊತ್ತು ನೋಡಿದಳು.

ಸುಳ್ಳು ಹೇಳಲು ನನಗೆ ಆಗಲಿಲ್ಲ. ಇದು ಬರೀ ತಟ್ಟೆಯಲ್ಲಿ ವೈನಿ, ಔಷಧಿಯಾಗಲು ವರ್ಷಗಟ್ಟಲೆ ಬೇಕು, ಆಗದೆಯೂ ಇರಬಹುದು ಅಂದೆ.

"ಗೊತ್ತೈತಿ ಬಿಡವಾ," ಅಂದಳು. "ನನಗಲ್ಲಂದ್ರ ಯಾರಿಗರ ಆದೀತು. ನೀ ಅರ್ಧಕ್ಕ ಬಿಡಬ್ಯಾಡ."

ಒಂಬತ್ತು ದಿನಕ್ಕೆ ವೈನಿ ಹೋಗಿಬಿಟ್ಟಳು.

ಕಾರ್ಯ ಮುಗಿಸಿ ಹನ್ನೆರಡನೆಯ ದಿನ ಕೆಲಸಕ್ಕೆ ಬಂದೆ. ಬಿ-೪೧ರ ಪರೀಕ್ಷೆಗಳು ಮುಗಿದಿದ್ದವು. ಉಳಿದದ್ದು ಒಂದೇ ತಟ್ಟೆ. ಕೆಲಸ ಮುಗಿದ ತಟ್ಟೆಗೆ ಬ್ಲೀಚ್ ಸುರಿಯುವುದು ನಮ್ಮ ನಿಯಮ.

ಅಂದು ಸುರಿಯಬೇಕೆಂದು ಬಾಟಲಿ ಎತ್ತಿಕೊಂಡಿದ್ದ ಅದೇ ಕೈ, ಈಗ ಅದನ್ನು ಮುಟ್ಟಲೊಲ್ಲದು...

ಯಾಕೆಂದರೆ ಈ ಜಗತ್ತಿನಲ್ಲಿ ನನ್ನ ವೈನಿಯದು ಎಂದು ಇನ್ನೂ ಜೀವಂತ ಉಳಿದಿದ್ದದ್ದು ಅದೊಂದೇ. ಅವಳನ್ನು ಕೊಂದದ್ದೂ ಅದೇ.

ನಾನು ಮಾಡುತ್ತೇನೆ, ನೀನು ಹೊರಗೆ ಹೋಗು ಎಂದರು ಮೇಡಂ. ಬೇಡ ಅಂದೆ.

ಮೊದಲು ಹಳೆಯ ದ್ರವ ತೆಗೆದು ಹೊಸ ಗುಲಾಬಿ ದ್ರವ ತುಂಬಿಸಿದೆ. ಸಾಯುವ ಕೋಶಕ್ಕೆ ಊಟ ಹಾಕುವುದು ದಂಡ ಎಂದು ನನಗೂ ಗೊತ್ತು, ಮೇಡಂಗೂ ಗೊತ್ತು.

ನನ್ನ ವೈನಿ ಯಾರನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸಿದವಳಲ್ಲ.

ಅರ್ಧ ಗಂಟೆ ಪಕ್ಕದಲ್ಲೇ ಕೂತಿದ್ದೆ. ಆಮೇಲೆ ನನ್ನ ಕೈಯಾರೆ ಬ್ಲೀಚ್ ಸುರಿದೆ.

ಮರುದಿನ ಬಿ-೪೨ ಬಂತು. ಯಾರ ಮನೆಯವಳೋ ಗೊತ್ತಿಲ್ಲ. ಹೊಟ್ಟೆ ತುಂಬ ಹಾಕಿದೆ.

ಹೋದವರಿಗಾಗಿ ಅಳುವುದಷ್ಟೇ ಪ್ರೀತಿಯಲ್ಲ. ಅವರು ನಂಬಿ ಕೊಟ್ಟುಹೋದ ಕೆಲಸವನ್ನು ಮನಸ್ಸು ಒಪ್ಪದಿದ್ದರೂ ಮಾಡುವುದು ಪ್ರೀತಿ.

ನಿಮ್ಮವರು ನಿಮ್ಮ ಕೈಯಲ್ಲಿ ಬಿಟ್ಟುಹೋದ ಕೆಲಸ ಯಾವುದು... ಅದನ್ನು ಅರ್ಧಕ್ಕೆ ಬಿಟ್ಟು ಎಷ್ಟು ದಿನವಾಯಿತು?