ಅದಲುಬದಲು

ಫಾರಂ ತುಂಬುತ್ತಿದ್ದ ಹುಡುಗಿ ಪೆನ್ನು ನಿಲ್ಲಿಸಿ, ಬರೆದದ್ದನ್ನು ಇನ್ನೊಮ್ಮೆ ನೋಡಿ, ಎರಡು ಅಂಕಿಗಳ ಮೇಲೆ ಗೀಟು ಎಳೆದಳು. ಗಂಡನ ಸಾಲಿನಲ್ಲಿದ್ದ ಹದಿನಾರು ಸಾವಿರವನ್ನು ಹೆಂಡತಿಯ ಸಾಲಿಗೆ, ಹೆಂಡತಿಯ ಸಾಲಿನ ಒಂಬತ್ತು ಸಾವಿರವನ್ನು ಗಂಡನ ಸಾಲಿಗೆ ಬಾಣದ ಗುರುತು ಹಾಕಿ ದಾಟಿಸಿದಳು. "ಮಾತಾಡ್ತಾ ಮಾತಾಡ್ತಾ ಅದಲುಬದಲು ಬರೆದುಬಿಟ್ಟಿದ್ದೆ ಅಕ್ಕ," ಎಂದಳು.

ಬಟಾಣಿ ಸುಲಿಯುತ್ತಿದ್ದ ಮನೆಯಾಕೆ ತಲೆಯೆತ್ತಿದಳು. ಯಾರು ಏನು ಕೆಲಸ ಮಾಡುತ್ತಾರೆ, ಎಷ್ಟು ಸಂಬಳ ಎಂದು ಬರೆದುಕೊಳ್ಳಲು ಕಾರ್ಮಿಕ ಕಚೇರಿಯಿಂದ ಬಂದಿದ್ದ ಹುಡುಗಿ. ಭಾನುವಾರವೂ ಬಿಡುವಿಲ್ಲದೆ ಮೂರು ಮಹಡಿ ಹತ್ತಿ ಬಂದಿದ್ದಾಳಲ್ಲ ಎಂದು ನೀರು ಕೊಟ್ಟು ಅಡುಗೆಮನೆಯ ಮೇಜಿನ ಬಳಿಯೇ ಕೂರಿಸಿಕೊಂಡಿದ್ದಳು. ಏನು ಕೆಲಸ ಎಂದು ಕೇಳಿದ್ದಕ್ಕೆ ಇವಳು ಮಕ್ಕಳನ್ನ ನೋಡ್ಕೊಳ್ತೀನಿ ಎಂದಿದ್ದಳು. ಆಚೆ ಬದಿಯಲ್ಲಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ ಗಂಡ, ಕಾರು ನೋಡ್ಕೊಳ್ತೀನಿ ಎಂದಿದ್ದ. ದೊಡ್ಡ ಕಚೇರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಸೀಟಿ ಊದಿ ಕಾರು ನಿಲ್ಲಿಸುವ ಕೆಲಸ ಅವನದು. ಬೀದಿಗೆಲ್ಲ ಅವನು ಸೀಟಿಯಣ್ಣ. ಅದೇ ಕಟ್ಟಡದ ಮೊದಲ ಮಹಡಿಯ ಶಿಶುವಿಹಾರದಲ್ಲಿ ಇವಳು ಆಯಾ.

"ಅದಲುಬದಲು ಏನೂ ಆಗಿಲ್ಲಮ್ಮ," ಎಂದಳು ಅವಳು. "ನೀನು ಮೊದಲು ಬರೆದಿದ್ದೇ ಸರಿ. ನಂದು ಒಂಬತ್ತು."

ಹುಡುಗಿಗೆ ನಂಬಿಕೆ ಬರಲಿಲ್ಲ. ಎಷ್ಟು ಮಕ್ಕಳು ಎಂದು ಕೇಳಿದಳು. ಇಪ್ಪತ್ತೆರಡು, ಅದರಲ್ಲಿ ಆರು ಇನ್ನೂ ಚಡ್ಡಿಯಲ್ಲೇ ಮಾಡಿಕೊಳ್ಳುವಂಥವು. ಕೆಲಸ ಕಲಿಯಲು ಎಷ್ಟು ದಿನ ಹಿಡಿಯಿತು ಎಂಬ ಖಾನೆಯೂ ಫಾರಂನಲ್ಲಿತ್ತು. ಸೀಟಿಯಣ್ಣ ಮೂರು ದಿನ ಎಂದ. ಅದರಲ್ಲಿ ಎರಡು ದಿನ ಎಂಜಲು ಹಾರದ ಹಾಗೆ ಊದುವುದಕ್ಕೇ ಹೋಯಿತಂತೆ. ಹೆಂಡತಿ ಮಾತ್ರ, ಹನ್ನೊಂದು ವರ್ಷವಾಯಿತು, ಇನ್ನೂ ಕಲಿಯುತ್ತಿದ್ದೇನೆ ಎಂದಳು. ಮೊನ್ನೆ ಶುಕ್ರವಾರವಷ್ಟೇ ಒಂದು ಮಗು ಮೂಗಿಗೆ ಮಣಿ ತುರುಕಿಕೊಂಡು ಹೊಸ ಪಾಠ ಕಲಿಸಿತ್ತು.

ಇನ್ನು ಅದನ್ನೆಲ್ಲ ಬರೆದು ಪ್ರಯೋಜನವಿಲ್ಲ ಎಂದ ಸೀಟಿಯಣ್ಣ. ನೆಲಮಾಳಿಗೆಯ ಟಿಕೆಟ್ ಕೊಡುವ ಗೂಡಿನಲ್ಲಿ ಒಂದು ಜಾಗ ಖಾಲಿ ಇತ್ತು. ಕುರ್ಚಿ ಇದೆ, ಫ್ಯಾನ್ ಇದೆ, ಸಂಬಳ ಹದಿನಾರು. ಹೆಂಡತಿಯ ಹೆಸರಿನ ಅರ್ಜಿ ನಾಲ್ಕು ದಿನದಿಂದ ಫ್ರಿಜ್ ಮೇಲೆ ಕೂತಿತ್ತು, ಅವಳ ಸಹಿ ಒಂದು ಬಾಕಿ. ನಾಳೆ ಬೆಳಿಗ್ಗೆ ಕೊಡದಿದ್ದರೆ ಜಾಗ ಕೈತಪ್ಪುತ್ತದೆ. ಮನೆ ಬಾಡಿಗೆ ಏರಿದೆ, ಹೆಚ್ಚಿಗೆ ಬರುವ ಏಳು ಸಾವಿರ ಬೇಡ ಅನ್ನುವ ಹಾಗಿಲ್ಲ ಎಂದು ಅವಳಿಗೂ ಗೊತ್ತು. ಆದರೆ ಪೆನ್ನು ಹಿಡಿದಾಗಲೆಲ್ಲ, ತನ್ನ ಕಿವಿ ಹಿಡಿದುಕೊಂಡರೆ ಮಾತ್ರ ನಿದ್ದೆ ಹೋಗುವ ಒಂದು ಪುಟ್ಟಿಯ ನೆನಪಾಗಿ ಪೆನ್ನು ಕೆಳಗಿಡುತ್ತಿದ್ದಳು.

ಹುಡುಗಿ ತಾನೂ ಒಂದು ಬಟಾಣಿ ಕೈಗೆತ್ತಿಕೊಂಡು ಸುಲಿದಳು. ಆಮೇಲೆ ತನ್ನ ತಾಯಿಯ ವಿಷಯ ಹೇಳಿದಳು. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಿದ್ದವರು. ನಾಲ್ಕು ವರ್ಷದ ಹಿಂದೆ ಇಂಥದೇ ಫಾರಂ ಅವರ ಮನೆಗೂ ಬಂದಿತ್ತು. "ಫಾರಂ ತಾನಾಗೇ ಏನೂ ಮಾಡ್ಲಿಲ್ಲ ಅಕ್ಕ. ಅಮ್ಮ, ಜೊತೆಗಿದ್ದೋರು ಎಲ್ಲ ಅದನ್ನ ಹಿಡ್ಕೊಂಡು ಹೋಗಿ ಕೇಳಿದ್ರು. ಸಂಬಳ ಅರ್ಧಕ್ಕರ್ಧ ಜಾಸ್ತಿ ಮಾಡಿದ್ರು."

ತಿದ್ದಿದ ಕಡೆ ಮನೆಯವರ ಸಹಿ ಬೇಕಿತ್ತು. ಹುಡುಗಿ ಬಾಣದ ಮೇಲೆ ಇನ್ನೊಂದು ಬಾಣ ಹಾಕಿ ಅಂಕಿಗಳನ್ನು ಹಿಂದಿನ ಜಾಗಕ್ಕೆ ಕಳಿಸಿ, ತಪ್ಪಾಯಿತು ಎಂದು ಫಾರಂ ಮುಂದಿಟ್ಟಳು. ಅರ್ಜಿಗೆ ಸಹಿ ಹಾಕಲು ನಾಲ್ಕು ದಿನದಿಂದ ಏಳದ ಮನೆಯಾಕೆಯ ಕೈ ಈಗ ಎದ್ದಿತು.

"ತಪ್ಪು ನಿಂದಲ್ಲ ಕಣಮ್ಮ," ಎಂದಳು ಸಹಿ ಹಾಕುತ್ತಾ. "ನೋಡಿದ್ರೆ ನೀನು ತಿದ್ದಿದ್ದೇ ನ್ಯಾಯವಾಗಿತ್ತು."

ಗುಲಾಬಿ ಬಣ್ಣದ ನಕಲು ಪ್ರತಿಯನ್ನು ಹರಿದು ಕೊಟ್ಟು ಹುಡುಗಿ ನಾಲ್ಕನೇ ಮಹಡಿಗೆ ಹತ್ತಿಹೋದಳು. ಸೀಟಿಯಣ್ಣ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ, ತುಂಬ ಹೊತ್ತು ಆ ಪ್ರತಿಯನ್ನೇ ಓದಿದ. "ಕಾರಿನ ಕೀಲಿ ನನ್ ಕೈಗೆ ಕೊಡೋರೇ ಮೇಲೆ ಬಂದು ಮಗೂನ ನಿನ್ ಕೈಗೆ ಕೊಡೋದು. ಗೀಚು ಬೀಳದ ಹಾಗೆ ನೋಡ್ಕೋ ಅಂತ ನಂಗೆ ಹೇಳಿ ಬರ್ತಾರೆ." ಕೊನೆಗೆ, ಗೂಡಿನ ಜಾಗಕ್ಕೆ ಒಂದು ತಿಂಗಳು ವಾಯಿದೆ ಕೇಳುತ್ತೇನೆ, ಕೊಟ್ಟರೆ ಸರಿ, ಕೊಡದಿದ್ದರೆ ಅದೂ ಸರಿ ಎಂದು ಅಂಗಿಯ ಇನ್ನೊಂದು ತೋಳಿಗೆ ಇಸ್ತ್ರಿ ಹಾಕತೊಡಗಿದ.

ಸೋಮವಾರ ಬೆಳಿಗ್ಗೆ ಶಿಶುವಿಹಾರದ ಬಾಗಿಲಲ್ಲಿ, ಮಕ್ಕಳ ಶೂ ಬಿಚ್ಚಲು ಅಪ್ಪ ಅಮ್ಮಂದಿರು ಬಗ್ಗುವ ಕಡೆ, ಸರಿಯಾಗಿ ಅವರ ಕಣ್ಣಿನ ಎತ್ತರಕ್ಕೆ ಗುಲಾಬಿ ಕಾಗದ ಅಂಟಿತ್ತು. ಶಿಶುವಿಹಾರ ನಡೆಸುವುದೂ ಆಯಾಗಳ ಸಂಬಳ ಗೊತ್ತು ಮಾಡುವುದೂ ಆ ಅಪ್ಪ ಅಮ್ಮಂದಿರ ಸಮಿತಿಯೇ. ಉಳಿದ ಇಬ್ಬರು ಆಯಾಗಳು ಒಳಗಿನಿಂದ ಇಣುಕುತ್ತಿದ್ದರು. ಪುಟ್ಟಿಯ ಅಪ್ಪ ಎಂದಿನ ಗಡಿಬಿಡಿಯಲ್ಲೇ ಬಂದು ಶೂ ಬಿಚ್ಚಲು ಬಗ್ಗಿದವನು ಹಾಗೇ ನಿಂತ. ಸಮಿತಿಯಲ್ಲಿ ಅವನೂ ಇದ್ದ. ಓದಿದ, ಬಾಣಗಳ ಮೇಲೆ ಬೆರಳಾಡಿಸಿದ, ಮತ್ತೆ ಓದಿದ.

"ಇಲ್ಲಿ ಅಂಕಿ ಅದಲುಬದಲಾಗಿದೆ ಅಲ್ವಾ?" ಎಂದು ಕೇಳಿದ.

"ಹೌದು ಸಾರ್," ಎಂದಳು ಆಯಾ. ಪುಟ್ಟಿ ಆಗಲೇ ಅವಳ ಸೊಂಟವೇರಿ ಕಿವಿ ಹಿಡಿದುಕೊಂಡಿದ್ದಳು. "ಎಲ್ಲ ಸೇರಿ ಸರಿಮಾಡೋಣ ಅಂತಾನೇ ಅಂಟಿಸಿದೀನಿ."