ಬೆಸುಗೆ ಬೇಡದ ನಲ್ಲಿ

"ಬೆಸುಗೆಗೆ ಆ ಶ್ವೆಹ್ಲಾನ ಹೆಸರು ಎತ್ತಬೇಡಿ," ಎಂದ ಗಿರಾಕಿ. "ವೆಲ್ಡಿಂಗ್ ಇಲ್ದೆ ಕೂರೋ ನಲ್ಲಿ ಕೊಡಿ."

ಹೊಸ ಸ್ಟೀಲ್ ಪಾತ್ರೆಯನ್ನು ಕಂಕುಳಲ್ಲಿ ಅವುಚಿ ತಂದು ಇಳಿಸಿದವನು, ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿ ನಿಂತಿದ್ದ.

ಕ್ವೇತಾಳಿಗೆ ಸಿಟ್ಟು ಬಂತು. ಮನೆಯಲ್ಲೇ ಬಿಯರ್ ಕಾಸುವವರಿಗೆ ಸಾಮಾನು ಮಾರುವ, ಪಿಲ್ಸೆನ್ ಊರಿನ ಈ ಅಂಗಡಿಗೆ ಅವಳು ಸೇರಿ ಮೂರೇ ತಿಂಗಳು. ಶ್ವೆಹ್ಲಾನ ಮುಖ ನೋಡಿರಲಿಲ್ಲ, ಕೆಲಸ ನೋಡಿದ್ದಳು. ಅಂಗಡಿಯ ದೊಡ್ಡ ಪಾತ್ರೆಗೆ ನಲ್ಲಿ ಬೆಸೆದವನು ಅವನೇ. ಬೆರಳಾಡಿಸಿದರೂ ಜೋಡಣೆ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ, ಬೆಸುಗೆಯವರೆಲ್ಲ ಹೊಡೆಯುವಂತೆ, ಅವನ ಗುರುತಿನ ಅಚ್ಚಿತ್ತು: ವೃತ್ತದೊಳಗೆ ಏಳು.

"ನಲ್ಲಿ ಬೆಸೆಯೋಕೆ ಹೋಗಿ ಹಳೇ ಪಾತ್ರೆ ಸುಟ್ಟು ಹಾಳುಮಾಡಿಟ್ಟ," ಎಂದ ಗಿರಾಕಿ. "ಮಗಳ ಮದ್ವೆಗೆ ಬಿಯರ್ ಆಗ್ಬೇಕು. ನಾಳೆ ಕಾಸದಿದ್ರೆ ಅಷ್ಟರೊಳಗೆ ಹದಕ್ಕೆ ಬರಲ್ಲ."

"ಅದಕ್ಕೆ ಅಚ್ಚು ಹೊಡೆದಿದ್ನಾ?"

"ಯಾವ ಮುಖ ಇಟ್ಕೊಂಡು ಹೊಡೀತಾನೆ?"

ಅವಳು ಎರಡು ನಲ್ಲಿ ತೆಗೆದಿಟ್ಟಳು. ಅವನು ಮುಟ್ಟಲಿಲ್ಲ, ಗಲ್ಲದಿಂದಲೇ ತೋರಿಸಿದ.

"ಅದು ಬೇಡ. ಚಪ್ಪಟೆ ವಾಷರ್. ಪಾತ್ರೆ ಗುಂಡಗಿದೆ, ಕುದಿಯೋವಾಗ ರಬ್ಬರ್ ಉಂಗುರ ಜಾರಿ ಸೋರತ್ತೆ. ಇದರ ವಾಷರಲ್ಲಿ ಗೀರು ಕೊರೆದಿದೆ, ಉಂಗುರ ಕೂತಲ್ಲೇ ಕೂರತ್ತೆ. ಇದನ್ನೇ ಹಾಕಿ."

ತಳದಿಂದ ಎರಡು ಬೆರಳು ಮೇಲೆ ಅವಳು ತೂತು ಕೊರೆಯತೊಡಗಿದಳು.

"ಸೋಮವಾರ ಬಾಯ್ಲರ್ ಕಾರ್ಖಾನೆಗೆ ಹೋಗ್ತೀನಿ," ಎಂದ. "ಶ್ವೆಹ್ಲಾನ ಕೈಗೆ ಇನ್ನು ಕೆಲಸ ಕೊಡ್ಬೇಡಿ ಅಂತ ಹೇಳ್ತೀನಿ."

ಕ್ವೇತಾ ಡ್ರಿಲ್ ನಿಲ್ಲಿಸಿದಳು. "ಒಂದು ಪಾತ್ರೆ ಕೆಟ್ಟಿದ್ದಕ್ಕೆ ಅವನ ಹೊಟ್ಟೆ ಮೇಲೆ ಹೊಡೀತೀರಾ?"

"ಆ ಕೈಗೆ ಸಿಗೋ ಮುಂದಿನ ಕೆಲಸ ಉಗಿ ಬಾಯ್ಲರ್ ಕಣಮ್ಮ. ಅಲ್ಲಿ ಬೆಸುಗೆ ಬಿಟ್ಕೊಂಡ್ರೆ ಪಕ್ಕದಲ್ಲಿ ನಿಂತೋರು ಬೆಂದು ಹೋಗ್ತಾರೆ."

"ಅವನ ಮನೆಯವರ ಗತಿ?"

"ಅದನ್ನೂ ಯೋಚಿಸಿದೀನಿ," ಎಂದು ಪಾತ್ರೆಯನ್ನೇ ನೋಡಿದ. "ಒಂದು ವಾರದಿಂದ ಅದೇ ಯೋಚನೆ."

ಎಂಥ ಕಲ್ಲು ಮನುಷ್ಯ, ಅಂದುಕೊಂಡಳು. ತೂತಿನ ಅಂಚು ಉಜ್ಜಿ, ನಲ್ಲಿ ತೂರಿಸಿ, ಉಂಗುರ ಕೂರಿಸಿದಳು. ಆಮೇಲೆ ಬೇಕೆಂದೇ ಸ್ಪ್ಯಾನರನ್ನು ಅವನತ್ತ ತಳ್ಳಿದಳು.

"ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕೋರು ನೀವು. ನಟ್ಟು ನೀವೇ ಬಿಗಿ ಮಾಡಿ."

ಅವನು ಮೊಣಕೈಯಿಂದ ಪಾತ್ರೆಯನ್ನು ಮೇಜಿಗೆ ಒತ್ತಿ ಹಿಡಿದ. ಕೊನೆಗೆ ಬಲಗೈ ಹೊರತೆಗೆದ. ಕಿಡಿಗಳು ಸುಟ್ಟ ಹಳೆಯ ಕಲೆಗಳ ಕೈ, ಒಂದೇ ಸಮ ನಡುಗುತ್ತಿತ್ತು. ಸ್ಪ್ಯಾನರ್ ಪಾತ್ರೆಗೆ ಬಡಿದು ಕಟಕಟ ಎಂದಿತು, ನಟ್ಟಿಗೆ ಸಿಕ್ಕಲೇ ಇಲ್ಲ.

ಕೈಯ ಜೊತೆಗೇ ಜೇಬಿನಿಂದ ಜಾರಿದ್ದ ಅಚ್ಚು ಹೊಡೆಯುವ ಗಿಡ್ಡ ಉಕ್ಕಿನ ಕಡ್ಡಿಯೊಂದು ಮೇಜಿನ ಮೇಲೆ ಉರುಳಿ ಅವಳ ಮುಂದೆ ನಿಂತಿತು. ಅದರ ತುದಿಯಲ್ಲಿ ಒಂದು ವೃತ್ತ, ಅದರೊಳಗೆ ಕನ್ನಡಿಯಲ್ಲಿ ಕಂಡಂತೆ ತಿರುಗಿದ ಏಳು.